ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ 14,000 ಕಿ.ಮೀ. ಸರಿ, ಆದರೆ ಹೋಗೋಕೆ ಒಂದು ಹೊತ್ತು, ಬರೋಕೆ ಇನ್ನೊಂದು ಹೊತ್ತು ಯಾಕೆ?

ಚಾಮರಾಜಪುರಂ ಹುಡುಗ | 9 ನವೆಂಬರ್ 2024, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಲ್ಲಿದ್ದೇವೆ, ಅಕ್ಕ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟ್‌ನಲ್ಲಿದ್ದಾಳೆ. ಫೆಬ್ರವರಿಯಲ್ಲಿ ಎರಡನೇ ಹೆರಿಗೆ, ಬಾಣಂತನಕ್ಕೆ ಅಮ್ಮ ಹೋಗಬೇಕು. ಅಮ್ಮನಿಗೆ 67. ಬಿಪಿ ಇದೆ, ಮಂಡಿ ನೋವಿದೆ. ಇದುವರೆಗೆ ವಿಮಾನ ಹತ್ತಿದ್ದು ಒಂದೇ ಸಲ, ಕಾಶಿಗೆ ಹೋಗುವಾಗ.

ಮೂರು ದಿನದಿಂದ ಟಿಕೆಟ್ ನೋಡ್ತಾ ಇದ್ದೇನೆ, ತಲೆ ಕೆಟ್ಟಿದೆ. ದೂರ ಹುಡುಕಿದರೆ ಎಲ್ಲ ಕಡೆ 14,000 ಕಿ.ಮೀ. ಅಂತಲೇ ಬರುತ್ತೆ. ವಿಮಾನ ಗಂಟೆಗೆ 900 ಕಿ.ಮೀ. ಹೋಗುತ್ತೆ ಅಂದರೆ ಹದಿನೈದೂವರೆ ಗಂಟೆ ಆಗಬೇಕು. ಆದರೆ ಎಲ್ಲೂ ಇಳಿಯದ ವಿಮಾನಕ್ಕೆ ಹೋಗುವಾಗ ಹದಿನಾರು ಚಿಲ್ಲರೆ ಗಂಟೆ ಅಂತಿದೆ, ಬರುವಾಗ ಹದಿನೇಳೂವರೆ ಮೇಲೆ! ರಸ್ತೆ ಒಂದೇ ಅಲ್ವಾ? ಮಧ್ಯೆ ಇಳಿದು ಹೋಗುವ ಟಿಕೆಟ್ಟುಗಳು 22, 24 ಗಂಟೆ ತೋರಿಸ್ತವೆ.

ಇನ್ನೊಂದು ತಮಾಷೆ. ಶನಿವಾರ ಮಧ್ಯಾಹ್ನ ಹೊರಟು ಶನಿವಾರ ಸಂಜೆಯೇ ತಲುಪುತ್ತೆ ಅಂತ ಬರೆದಿದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಟಿಕೆಟ್‌ನೋರು ತಪ್ಪು ಬರೆದಿದ್ದಾರೆ, ಸರಿ ಮಾಡಿಸು" ಅಂದರು.

ಯಾರಾದರೂ ಬಿಡಿಸಿ ಹೇಳ್ತೀರಾ? ನೇರ ಹೋಗೋದು ಒಳ್ಳೇದಾ, ಮಧ್ಯೆ ಇಳಿದು ಹೋಗೋದಾ?

ಗ್ಲೋಬ್ ಮೇಷ್ಟ್ರು | 9 ನವೆಂಬರ್, ರಾತ್ರಿ 10:25

ದೂರದಿಂದಲೇ ಶುರು ಮಾಡೋಣ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ತಗೊಳ್ಳಿ, ಜೊತೆಗೆ ಹೂ ಕಟ್ಟುವ ದಾರ. ದಾರದ ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಒತ್ತಿ ಹಿಡಿದು, ಸಡಿಲ ಇಲ್ಲದಂತೆ ಬಿಗಿಯಾಗಿ ಎಳೆಯಿರಿ. ದಾರ ಪೂರ್ವಕ್ಕೂ ಹೋಗಲ್ಲ, ಪಶ್ಚಿಮಕ್ಕೂ ಹೋಗಲ್ಲ. ಸರ್ರನೆ ಉತ್ತರಕ್ಕೆ ಏರುತ್ತೆ! ನೇಪಾಳ, ಟಿಬೆಟ್, ಮಂಗೋಲಿಯದ ಪಶ್ಚಿಮ ಭಾಗ, ಸೈಬೀರಿಯ, ಅಲ್ಲಿಂದ ಅಲಾಸ್ಕ ಹಾದು ಕೆಳಗಿಳಿಯುತ್ತೆ. ಅತಿ ಮೇಲೆ ಅಂದರೆ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶ ಮುಟ್ಟುತ್ತೆ.

ಯಾಕೆ ಹೀಗೆ? ಬೆಂಗಳೂರು ಇರೋದು ಪೂರ್ವ ರೇಖಾಂಶ 77 ಡಿಗ್ರಿ ದಾಟಿ. ಸ್ಯಾನ್ ಫ್ರಾನ್ಸಿಸ್ಕೋ ಪಶ್ಚಿಮ ರೇಖಾಂಶ 122ರಲ್ಲಿ. ಪೂರ್ವದ ಕಡೆಯಿಂದ ಎಣಿಸಿದರೆ 160 ಡಿಗ್ರಿ, ಪಶ್ಚಿಮದಿಂದ ಎಣಿಸಿದರೆ 200. ಹೆಚ್ಚುಕಮ್ಮಿ ಭೂಮಿಯ ಆ ಬದಿ. ಸರಿಯಾಗಿ 180 ಇದ್ದಿದ್ದರೆ ಹತ್ತಿರದ ದಾರಿ ಉತ್ತರ ಧ್ರುವದ ನೆತ್ತಿ ಮೇಲೇ ಹೋಗುತ್ತಿತ್ತು. ಗೋಡೆಗೆ ನೇತುಹಾಕುವ ನಕ್ಷೆಯಲ್ಲಿ ಇದು ಕಾಣಿಸಲ್ಲ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಮಕ್ಕಳಿಗೆ ಆ ನಕ್ಷೆ ಕೊಟ್ಟು ನಾವೇ ಅವರನ್ನು ಹಾಳು ಮಾಡಿದ್ದೇವೆ ಅನಿಸುತ್ತೆ.

ಈ ದಾರದ ಉದ್ದವೇ ನಿಮ್ಮ 14,000 ಕಿ.ಮೀ. ಆದರೆ ಅದು ದಾರದ ಲೆಕ್ಕ. ವಿಮಾನ ದಾರದ ಮೇಲೆ ಹೋಗಲ್ಲ.

ರನ್‌ವೇ ರಾಯ | 9 ನವೆಂಬರ್, ರಾತ್ರಿ 11:10

ಮೇಷ್ಟ್ರು ಬಿಟ್ಟ ಕಡೆಯಿಂದ ನಾನು ಹಿಡೀತೀನಿ. ವಿಮಾನದ ಹುಚ್ಚು ಜಾಸ್ತಿ, ಉದ್ದ ಆದರೆ ಬೈಬೇಡಿ.

ದಾರ ಟಿಬೆಟ್ ಮೇಲೆ ಹೋಗುತ್ತೆ, ವಿಮಾನಗಳು ಆದಷ್ಟು ಹೋಗಲ್ಲ. ಎವರೆಸ್ಟ್ ಎತ್ತರ ಅಂತಲ್ಲ, ವಿಮಾನ ಅದಕ್ಕಿಂತ ಮೇಲೇ ಹಾರುತ್ತೆ. ತೊಂದರೆ ಬೇರೆ. ಒಳಗಿನ ಗಾಳಿಯ ಒತ್ತಡ ಹೋಯ್ತು ಅಂದುಕೊಳ್ಳಿ. ತಲೆ ಮೇಲಿಂದ ಆಮ್ಲಜನಕದ ಮಾಸ್ಕ್ ಬೀಳುತ್ತಲ್ಲ, ಅದು ಸಾಮಾನ್ಯವಾಗಿ ಕಾಲು ಗಂಟೆ ಆಸುಪಾಸು ಬರುತ್ತೆ ಅಷ್ಟೆ. ಅಷ್ಟರೊಳಗೆ ಪೈಲಟ್ 10,000 ಅಡಿಗೆ ಇಳಿಯಬೇಕು. ಟಿಬೆಟ್‌ನ ನೆಲವೇ ಸರಾಸರಿ 4,500 ಮೀಟರ್, ಅಂದರೆ 14,000 ಅಡಿಗಿಂತ ಮೇಲೆ. ಇಳಿಯೋದೆಲ್ಲಿಗೆ?

ಹಾಗಾಗಿ ಬೆಂಗಳೂರಿಂದ ಹೋಗುವಾಗ ಸಾಮಾನ್ಯವಾಗಿ ಬಂಗಾಳ ಕೊಲ್ಲಿ ದಾಟಿ, ಮ್ಯಾನ್ಮಾರ್, ಚೀನಾ, ಜಪಾನ್ ಕಡೆಯಿಂದ ಪೆಸಿಫಿಕ್‌ಗೆ ಬೀಳ್ತಾರೆ. ಇದು ಸುತ್ತು ಅನಿಸುತ್ತೆ ಅಲ್ವಾ? ಲೆಕ್ಕ ಹಾಕಿ. ಬೆಂಗಳೂರು–ಟೋಕಿಯೊ ಸುಮಾರು 6,700, ಟೋಕಿಯೊ–ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 8,200. ಕೂಡಿದರೆ 14,900. ದಾರಕ್ಕಿಂತ 900 ಕಿ.ಮೀ. ಮಾತ್ರ ಜಾಸ್ತಿ.

ಆ 900ನ್ನು ಗಾಳಿ ತೀರಿಸಿಕೊಡುತ್ತೆ. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಹರಿಯುವ ಗಾಳಿ ಇದೆ, ಜೆಟ್ ಸ್ಟ್ರೀಮ್ ಅಂತಾರೆ. ಚಳಿಗಾಲದಲ್ಲಿ ಅದರ ರಭಸ ಜಾಸ್ತಿ, ಅದರಲ್ಲೂ ಜಪಾನ್ ಸುತ್ತಮುತ್ತ. ಗಂಟೆಗೆ 200 ಕಿ.ಮೀ. ದಾಟೋದು ಅಲ್ಲಿ ಮಾಮೂಲು, ಕೆಲವು ದಿನ 300ರ ಮೇಲೂ ಹೋಗುತ್ತೆ. ಅಮ್ಮ ಜನವರಿಯಲ್ಲಿ ಹೋದರೆ ಈ ಗಾಳಿ ಬೆನ್ನಿಗೆ ಬೀಳುತ್ತೆ. ಬರುವಾಗ ಅದೇ ಗಾಳಿ ಎದುರಿಗೆ. ಅದರಿಂದ ತಪ್ಪಿಸಿಕೊಳ್ಳೋಕೆ ಇನ್ನೂ ಉತ್ತರಕ್ಕೆ ಸರಿದು ಸುತ್ತಿ ಬರಬೇಕಾಗುತ್ತೆ. ನಿಮ್ಮ ಒಂದು, ಒಂದೂವರೆ ಗಂಟೆ ವ್ಯತ್ಯಾಸ ಇರೋದು ಇಲ್ಲೇ.

ಇನ್ನೊಂದು. ಟಿಕೆಟ್ ಮೇಲಿರೋದು ಹಾರುವ ಹೊತ್ತಲ್ಲ. ಇಲ್ಲಿ ಗೇಟಿನಿಂದ ಹಿಂದೆ ಸರಿದಾಗಿನಿಂದ ಅಲ್ಲಿ ಗೇಟಿಗೆ ಹತ್ತಿ ನಿಲ್ಲುವವರೆಗಿನದು. ರನ್‌ವೇವರೆಗೆ ಉರುಳೋದು, ಸಾಲಲ್ಲಿ ಕಾಯೋದು ಎಲ್ಲ ಅದರಲ್ಲೇ ಸೇರಿರುತ್ತೆ.

ಬಿಡದಿ ತಟ್ಟೆ | 10 ನವೆಂಬರ್, ಬೆಳಿಗ್ಗೆ 7:05

ಇಷ್ಟೆಲ್ಲ ಯಾಕೆ ಸರ್. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತೆ. ವಿಮಾನ ಮೇಲೆ ಹೋಗಿ ಸುಮ್ನೆ ನಿಂತರೆ ಅಮೆರಿಕಾನೇ ತಿರುಗಿಕೊಂಡು ಕೆಳಗೆ ಬರಲ್ವಾ? 😀 ನಿಜಕ್ಕೂ ಡೌಟು, ನಗಬೇಡಿ.

ಗ್ಲೋಬ್ ಮೇಷ್ಟ್ರು | 10 ನವೆಂಬರ್, ಬೆಳಿಗ್ಗೆ 7:50

ನಗಲ್ಲಪ್ಪ, ಪ್ರತಿ ವರ್ಷ ಒಬ್ಬ ಕೇಳ್ತಿದ್ದ. ಮೈಸೂರು ರೈಲಲ್ಲಿ ಕೂತು ಒಂದು ಕಡಲೆಕಾಯಿ ಮೇಲಕ್ಕೆ ಎಸಿ. ನಿನ್ನ ಕೈಗೇ ಬೀಳುತ್ತೋ, ಹಿಂದಿನ ಸೀಟಿನವರ ತಲೆ ಮೇಲೆ ಬೀಳುತ್ತೋ? ಭೂಮಿಯ ಜೊತೆ ಗಾಳಿಯೂ ತಿರುಗುತ್ತೆ, ಗಾಳಿಯೊಳಗಿನ ವಿಮಾನವೂ ತಿರುಗುತ್ತೆ. ಬೆಂಗಳೂರಿನ ನೆಲ ಗಂಟೆಗೆ 1,600 ಕಿ.ಮೀ.ಗಿಂತ ಜೋರಾಗಿ ಓಡ್ತಾ ಇದೆ. ನೀನು ಕಾಫಿ ಚೆಲ್ಲದೆ ಕುಡೀತಾ ಇಲ್ವಾ?

ಬಿಡದಿ ತಟ್ಟೆ | 10 ನವೆಂಬರ್, ಬೆಳಿಗ್ಗೆ 7:58

ಚೆಲ್ಲಿಕೊಂಡೆ, ಆದರೆ ಅದು ಬೇರೆ ಕಾರಣಕ್ಕೆ. ಅರ್ಥ ಆಯ್ತು ಮೇಷ್ಟ್ರೇ.

ಸನ್ನಿವೇಲ್ ಸೊಸೆ | 10 ನವೆಂಬರ್, ಬೆಳಿಗ್ಗೆ 10:30

ಇಲ್ಲಿ ಕ್ಯಾಲಿಫೋರ್ನಿಯದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಅಪ್ಪ, ಅಮ್ಮ, ಅತ್ತೆ, ಮಾವ ಎಲ್ಲರನ್ನೂ ಎಲ್ಲ ದಾರಿಯಲ್ಲೂ ಕರೆಸಿಕೊಂಡು ನೋಡಿದ್ದೇನೆ. ನೇರ ವಿಮಾನ ಶುರುವಾಗಿದ್ದು 2021ರ ಜನವರಿಯಲ್ಲಿ. ಅದಕ್ಕೆ ಮುಂಚೆ ನಮಗೆ ಆಯ್ಕೆಯೇ ಇರಲಿಲ್ಲ.

ಹಿಂದೆ ಅತ್ತೆ ಒಬ್ಬರೇ ಬಂದಾಗ ಮಧ್ಯದ ಊರಲ್ಲಿ (ಯಾವ ಊರು, ಯಾವ ವಿಮಾನ ಅಂತ ಹೇಳಲ್ಲ) ಇಳಿದು ಹತ್ತೋಕೆ ಒಂದು ಗಂಟೆ ಇಪ್ಪತ್ತು ನಿಮಿಷ ಇತ್ತು. ಮೊದಲ ವಿಮಾನ ಐವತ್ತು ನಿಮಿಷ ತಡ. ವೀಲ್‌ಚೇರ್ ಬರುವಷ್ಟರಲ್ಲಿ ಮುಂದಿನ ವಿಮಾನದ ಬಾಗಿಲು ಹಾಕಿದ್ದರು. ಅತ್ತೆಗೆ ಕನ್ನಡ, ಅಷ್ಟಿಷ್ಟು ಹಿಂದಿ. ಫೋನಿಗೆ ಅಲ್ಲಿನ ವೈಫೈ ಹಾಕಿಕೊಳ್ಳೋಕೆ ಒಟಿಪಿ ಬೇಕು, ಒಟಿಪಿ ಬರೋಕೆ ಸಿಮ್ ಕೆಲಸ ಮಾಡಲ್ಲ. ಹತ್ತು ಗಂಟೆ ನಮಗೆ ಅವರು ಎಲ್ಲಿದ್ದಾರೆ ಅಂತಲೇ ಗೊತ್ತಿರಲಿಲ್ಲ. ಕೊನೆಗೆ ಮಂಗಳೂರಿನ ಒಬ್ಬ ಹುಡುಗಿ ಅವರ ಸೀರೆ ಉಟ್ಟ ರೀತಿ ನೋಡಿ ಕನ್ನಡದಲ್ಲಿ ಮಾತಾಡಿಸಿ, ತನ್ನ ಫೋನಿಂದ ಮಾಡಿಕೊಟ್ಟಳು. ಅವತ್ತಿಂದ ನಮ್ಮ ಮನೆಯಲ್ಲಿ ಒಬ್ಬರೇ ಬರೋದಾದರೆ ಎಲ್ಲೂ ಇಳಿಯೋ ಹಾಗಿಲ್ಲ.

ಒಂದು ಎಚ್ಚರಿಕೆ. "ಡೈರೆಕ್ಟ್" ಅಂತ ನೋಡಿ ಹಿಗ್ಗಬೇಡಿ, "ನಾನ್‌ಸ್ಟಾಪ್" ಅಂತ ಇದೆಯಾ ನೋಡಿ. ಡೈರೆಕ್ಟ್ ಅಂದರೆ ವಿಮಾನದ ನಂಬರ್ ಒಂದೇ ಅಷ್ಟೆ, ಮಧ್ಯೆ ಎಲ್ಲಾದರೂ ಇಳಿದು ಹೊರಡಬಹುದು.

ಬಿಡದಿ ತಟ್ಟೆ | 10 ನವೆಂಬರ್, ಬೆಳಿಗ್ಗೆ 10:41

ನಮ್ಮೂರಿನ ಭಾಷೆಯಲ್ಲಿ ಹೇಳಬೇಕು ಅಂದರೆ ಡೈರೆಕ್ಟ್ ಬಸ್ಸು ತಟ್ಟೆ ಇಡ್ಲಿಗೆ ನಿಲ್ಲುತ್ತೆ, ನಾನ್‌ಸ್ಟಾಪ್ ನಿಲ್ಲಲ್ಲ.

ಪೇಡೆ ಪ್ರಿಯ | 10 ನವೆಂಬರ್, ಮಧ್ಯಾಹ್ನ 1:15

ನಾನು ಸ್ವಲ್ಪ ಬೇರೆ ಹೇಳ್ತೀನ್ರಿ. ನಮ್ಮ ಅಪ್ಪಾಜಿ 71ನೇ ವಯಸ್ಸಿನಲ್ಲಿ ಧಾರವಾಡದಿಂದ ಹೋಗಿ ಬಂದರು. ಹದಿನಾರು ತಾಸು ಒಂದೇ ಕುರ್ಚಿ ಅಂದರೆ ಮಂಡಿ ನೋವಿನವರಿಗೆ ಸಣ್ಣ ಮಾತಲ್ಲ. ನಾವು ಫ್ರಾಂಕ್‌ಫರ್ಟ್ ಮೇಲೆ ಕಳಿಸಿದೆವು. ಮೊದಲು ಹತ್ತು ತಾಸಿನ ಹತ್ತಿರ, ಆಮೇಲೆ ಹನ್ನೊಂದೂವರೆ ತಾಸು, ಮಧ್ಯೆ ನಾಲ್ಕು ತಾಸು. ಆ ನಾಲ್ಕು ತಾಸಿನಲ್ಲಿ ಕಾಲು ಚಾಚಿ, ಮುಖ ತೊಳೆದು, ಕಟ್ಟಿಕೊಟ್ಟ ಚಪಾತಿ ತಿಂದು ಹಗುರಾದರು. ದೂರ 16,500 ಕಿ.ಮೀ. ಆಯ್ತು, ಆಗಲಿ ಬಿಡ್ರಿ. ಕಿಲೋಮೀಟರ್ ನಮ್ಮ ಕಾಲಿಗೆ ಗೊತ್ತಾಗೋದಿಲ್ಲ, ಕೂತ ತಾಸು ಗೊತ್ತಾಗ್ತದ.

ಆದರೆ ಅವರ ಜೊತೆ ನನ್ನ ತಮ್ಮ ಇದ್ದ. ಒಬ್ಬರೇ ಅಂದರೆ ಸನ್ನಿವೇಲ್ ಅಕ್ಕನ ಮಾತೇ ಖರೆ.

ಗ್ಲೋಬ್ ಮೇಷ್ಟ್ರು | 10 ನವೆಂಬರ್, ಸಂಜೆ 5:20

ಮಧ್ಯೆ ಇಳಿಯಲೇಬೇಕು ಅಂದರೆ ಒಂದು ಸ್ವಾರಸ್ಯ ನೋಡಿ. ದುಬೈ ಮೇಲೆ ಹೋದರೆ ಕೂಡಿಸಿ 15,700 ಕಿ.ಮೀ. ಹತ್ತಿರ, ಸಿಂಗಪುರದ ಮೇಲೆ ಸುಮಾರು 16,800. ಡೆಲ್ಲಿ ಮೇಲೆ? 1,700 ಮತ್ತು 12,400. ಒಟ್ಟು 14,100! ನೇರ ದಾರಕ್ಕಿಂತ ನೂರು ಕಿ.ಮೀ. ಜಾಸ್ತಿ ಅಷ್ಟೆ. ನಾವು ಡೆಲ್ಲಿಗೆ ಹೋಗಿ ಹೋಗೋದನ್ನು ಸುತ್ತು ಅಂತ ಬೈತೀವಿ. ಗ್ಲೋಬಿನಲ್ಲಿ ಡೆಲ್ಲಿ ಬಹುತೇಕ ದಾರಿಯಲ್ಲೇ ಇದೆ.

ಚಾಮರಾಜಪುರಂ ಹುಡುಗ | 10 ನವೆಂಬರ್, ರಾತ್ರಿ 8:30

ಎಲ್ಲರಿಗೂ ಥ್ಯಾಂಕ್ಸ್. ಮನೆಯಲ್ಲಿ ಅಕ್ಕನ ಕಾಲದ ಹಳೇ ಗ್ಲೋಬ್ ಸಿಕ್ಕಿತು, ಸೋವಿಯತ್ ರಷ್ಯಾ ಅಂತ ಬರೆದಿದೆ. ಅಮ್ಮ ಮಲ್ಲಿಗೆ ದಾರ ಹಿಡಿದರು, ನಾನು ಎಳೆದೆ. ಅಮ್ಮನಿಗೆ ಎರಡು ಪ್ರಶ್ನೆ. ಒಂದು, "ಅಷ್ಟು ಮೇಲೆ ಹಿಮದಲ್ಲಿ ಕೆಟ್ಟು ನಿಂತರೆ ಯಾರು ಬರ್ತಾರೆ?" ಎರಡನೆಯದು, ಅವರದು ಶನಿವಾರ ಒಪ್ಪತ್ತು. ಮಧ್ಯಾಹ್ನ ಊಟ, ರಾತ್ರಿ ಅನ್ನ ಮುಟ್ಟಲ್ಲ. ಶನಿವಾರ ಹೊರಟರೆ ಒಪ್ಪತ್ತು ಯಾವಾಗ ಮುಗಿಯುತ್ತೆ?

ರನ್‌ವೇ ರಾಯ | 10 ನವೆಂಬರ್, ರಾತ್ರಿ 9:45

ಮೊದಲನೇ ಪ್ರಶ್ನೆ ನನಗೆ, ಎರಡನೆಯದು ಮೇಷ್ಟ್ರಿಗೆ.

ಎರಡು ಎಂಜಿನ್ ವಿಮಾನ ದಾರಿಯುದ್ದಕ್ಕೂ ಯಾವುದಾದರೂ ವಿಮಾನ ನಿಲ್ದಾಣದಿಂದ ಇಷ್ಟು ನಿಮಿಷದೊಳಗೇ ಇರಬೇಕು ಅಂತ ಕಟ್ಟಳೆ ಇದೆ. ಒಂದೇ ಎಂಜಿನ್ನಿನಲ್ಲಿ ಅಲ್ಲಿಗೆ ತಲುಪುವ ಹಾಗೆ ದಾರಿ ಹಾಕಿರ್ತಾರೆ. ಹಾಗಾಗಿ ಕೆಟ್ಟು ನಿಲ್ಲೋದು ಅಂತ ಇಲ್ಲ, ಎಲ್ಲೋ ಇಳಿಯೋದು ಅಂತ ಇದೆ. ಆ "ಎಲ್ಲೋ" ಹೇಗಿರುತ್ತೆ ಅನ್ನೋದಕ್ಕೆ 2023ರ ಜೂನ್ ನೋಡಿ. ಡೆಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನ ಎಂಜಿನ್ ತೊಂದರೆ ಅಂತ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು. ಸಣ್ಣ ಊರು, ಅಷ್ಟು ಜನಕ್ಕೆ ಹೋಟೆಲ್ ಇಲ್ಲ. ಕೆಲವರು ಶಾಲೆಯಲ್ಲಿ ನೆಲದ ಮೇಲೆ ಹಾಸಿಗೆ ಹಾಕಿ ಮಲಗಿದರು. ಬೇರೆ ವಿಮಾನ ಬಂದು ಕರಕೊಂಡು ಹೋಯಿತು, ಎಲ್ಲರೂ ಸುಖವಾಗಿ ತಲುಪಿದರು. ಅಮ್ಮನಿಗೆ ಕೊನೇ ವಾಕ್ಯ ಮಾತ್ರ ಓದಿ ಹೇಳಿ.

ರಷ್ಯಾ ಮಾತು ಬಂತಲ್ಲ. ಯುಕ್ರೇನ್ ಯುದ್ಧ ಶುರುವಾದ ಮೇಲೆ, 2022ರಿಂದ, ಅಮೆರಿಕದ ವಿಮಾನಗಳು ರಷ್ಯಾ ಮೇಲೆ ಹಾರೋ ಹಾಗಿಲ್ಲ. ನಮ್ಮವು ಹಾರಬಹುದು. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಕೂಡ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನೇರ ಓಡಿಸ್ತೀವಿ ಅಂತ 2020ರಲ್ಲೇ ಹೇಳಿತ್ತು, ಶುರುವಾಗಲೇ ಇಲ್ಲ. ಗ್ಲೋಬಿನ ಮೇಲೆ ದಾರ ಎಷ್ಟು ಬಿಗಿಯಾಗಿ ಎಳೆದರೂ ಗಡಿಗಳು ಅಡ್ಡ ಬರ್ತವೆ.

2021ರ ಆ ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದಿದ್ದು ಉತ್ತರ ಧ್ರುವದ ಮೇಲೆ. ಏರ್ ಇಂಡಿಯಾದ ಬೋಯಿಂಗ್ 777, ನಾಲ್ವರು ಪೈಲಟ್‌ಗಳೂ ಹೆಂಗಸರು, ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಇದನ್ನು ಅಮ್ಮನಿಗೆ ಖಂಡಿತ ಹೇಳಿ. ನಾನು ಆ ರಾತ್ರಿ ಫೋನಿನಲ್ಲಿ ಅದರ ದಾರಿ ನೋಡ್ತಾ ಕೂತಿದ್ದೆ, ಹೆಂಡತಿ ದೀಪ ಆರಿಸು ಅಂತ ಮೂರು ಸಲ ಬೈದಳು. ಧ್ರುವದ ಹತ್ತಿರ ಆ ಪುಟ್ಟ ಗುರುತು ಉತ್ತರಕ್ಕೆ ಹೋಗ್ತಾ ಇದ್ದದ್ದು ದಿಕ್ಕು ಬದಲಿಸದೇ ದಕ್ಷಿಣಕ್ಕೆ ಹೋಗೋಕೆ ಶುರು ಮಾಡಿತು!

ಗ್ಲೋಬ್ ಮೇಷ್ಟ್ರು | 10 ನವೆಂಬರ್, ರಾತ್ರಿ 10:30

ಒಪ್ಪತ್ತಿನ ಲೆಕ್ಕ ನನಗೆ ಬಂತು. ಇರಲಿ.

ಚಳಿಗಾಲದಲ್ಲಿ ಕ್ಯಾಲಿಫೋರ್ನಿಯ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಗಡಿಯಾರ ಮುಂದೆ ಇಟ್ಟುಕೊಳ್ತಾರೆ, ಆಗ ಹನ್ನೆರಡೂವರೆ. ಶನಿವಾರ ಮಧ್ಯಾಹ್ನ ಎರಡೂವರೆಗೆ ಹೊರಟು ಹದಿನಾರು ಗಂಟೆ ಹಾರಿದರೆ ಬೆಂಗಳೂರಲ್ಲಿ ಭಾನುವಾರ ಬೆಳಿಗ್ಗೆ ಆರೂವರೆ. ಅದರಿಂದ ಹದಿಮೂರೂವರೆ ಕಳೆಯಿರಿ. ಅಲ್ಲಿ ಶನಿವಾರ ಸಂಜೆ ಐದು. ಟಿಕೆಟ್ ಸರಿಯಾಗೇ ಇದೆ. ಅಂದರೆ ಅಮ್ಮನಿಗೆ ಆ ಶನಿವಾರ 24 ಗಂಟೆ ಅಲ್ಲ, ಮೂವತ್ತೇಳೂವರೆ ಗಂಟೆ.

ಬರುವಾಗ ಇದರ ಸಾಲ ತೀರಿಸಬೇಕು. ಶನಿವಾರ ರಾತ್ರಿ ಅಲ್ಲಿ ಹತ್ತಿದರೆ ಸೋಮವಾರ ಬೆಳಗಿನ ಜಾವ ಇಲ್ಲಿ. ಭಾನುವಾರ ಆಕಾಶದಲ್ಲೇ ಕರಗಿಹೋಗುತ್ತೆ.

ಒಪ್ಪತ್ತು ಯಾವಾಗ ಮುಗಿಯುತ್ತೆ ಅನ್ನೋದು ಭೂಗೋಳದ ಪ್ರಶ್ನೆ ಅಲ್ಲ, ನಿಮ್ಮ ಪುರೋಹಿತರನ್ನು ಕೇಳಿ. ನಾನಾದರೆ ಭಾನುವಾರದ ಟಿಕೆಟ್ ತೆಗೀತಿದ್ದೆ.

ಸನ್ನಿವೇಲ್ ಸೊಸೆ | 11 ನವೆಂಬರ್, ಬೆಳಿಗ್ಗೆ 9:15

ಲೆಕ್ಕ ತಮಾಷೆ ಅನಿಸುತ್ತೆ, ಆದರೆ ಮಾತ್ರೆ ವಿಷಯದಲ್ಲಿ ಹುಷಾರು. ನಮ್ಮ ಮಾವ ಬಿಪಿ ಮಾತ್ರೆ "ಬೆಳಗಾಯ್ತು" ಅಂತ ಒಮ್ಮೆ, ಕಿಟಕಿ ತೆರೆದು ಬಿಸಿಲು ಬಂದಾಗ "ಮತ್ತೆ ಬೆಳಗಾಯ್ತು" ಅಂತ ಇನ್ನೊಮ್ಮೆ ತಗೊಂಡು, ಇಳಿಯುವಾಗ ತಲೆ ಸುತ್ತಿ ಕೂತುಬಿಟ್ಟಿದ್ದರು. ಹೊರಡುವ ಮುಂಚೆ ಡಾಕ್ಟರ ಹತ್ತಿರ ಯಾವ ಹೊತ್ತಿಗೆ ಯಾವುದು ಅಂತ ಬರೆಸಿಕೊಳ್ಳಿ. ಕೈಗಡಿಯಾರ ಊರಿನ ಟೈಮಲ್ಲೇ ಇರಲಿ, ಇಳಿದ ಮೇಲೆ ಬದಲಿಸಿ. ಮಾತ್ರೆ ಕೈಚೀಲದಲ್ಲಿ, ಚೀಟಿ ಸಮೇತ.

ಎರಡು ಗಂಟೆಗೊಮ್ಮೆ ಎದ್ದು ಓಡಾಡಿಸಿ, ನೀರು ಕುಡಿಸಿ. ಬಾತ್‌ರೂಮಿಗೆ ಏಳಬೇಕಾಗುತ್ತೆ ಅಂತ ಅಮ್ಮಂದಿರು ನೀರೇ ಕುಡಿಯಲ್ಲ. ಹಾಗಾಗಿ ನಡುದಾರಿ ಪಕ್ಕದ ಸೀಟು ತಗೊಳ್ಳಿ. ವೀಲ್‌ಚೇರ್ ಟಿಕೆಟ್ ಜೊತೆಗೇ ಹೇಳಿಬಿಡಿ.

ಚಟ್ನಿಪುಡಿ, ಸಾರಿನ ಪುಡಿ ಎಲ್ಲ ದೊಡ್ಡ ಪೆಟ್ಟಿಗೆಗೆ. ಅಮೆರಿಕಕ್ಕೆ ಹೋಗುವ ವಿಮಾನದ ಕೈಚೀಲದಲ್ಲಿ 350 ಮಿ.ಲೀ.ಗಿಂತ ಜಾಸ್ತಿ ಪುಡಿ ಇದ್ದರೆ ಬಿಚ್ಚಿ ನೋಡ್ತಾರೆ, ಬೇಡ ಅಂದರೆ ಅಲ್ಲೇ ಬಿಡಬೇಕು. ಕರಿಬೇವು ತರಬೇಡಿ. ತಿನ್ನೋ ಸಾಮಾನು ಇದೆಯಾ ಅಂತ ಇಳಿದ ಮೇಲೆ ಕೇಳಿದರೆ ಇದೆ ಅಂತಲೇ ಹೇಳಲಿ. ಹೇಳಿದರೆ ಏನೂ ಆಗಲ್ಲ, ಮುಚ್ಚಿಟ್ಟರೆ ದಂಡ.

ಪೇಡೆ ಪ್ರಿಯ | 11 ನವೆಂಬರ್, ಬೆಳಿಗ್ಗೆ 11:00

ಮೈಸೂರಿನಿಂದ ದೇವನಹಳ್ಳಿಗೆ ಹೋಗೋ ಹೊತ್ತು ಯಾರೂ ಲೆಕ್ಕಕ್ಕೆ ಹಿಡಿಯಲೇ ಇಲ್ಲಲ್ರೀ.

ಚಾಮರಾಜಪುರಂ ಹುಡುಗ | 11 ನವೆಂಬರ್, ಮಧ್ಯಾಹ್ನ 12:20

ಹಿಡಿದಿದ್ದೇನೆ ಸರ್. 180 ಕಿ.ಮೀ.ಗೆ ಫ್ಲೈಬಸ್‌ನಲ್ಲಿ ನಾಲ್ಕು ಗಂಟೆ ಮೇಲೆ. ವಿಮಾನ ಅಷ್ಟು ಹೊತ್ತಲ್ಲಿ ಬರ್ಮಾ ದಾಟಿರುತ್ತೆ.

ಬಿಡದಿ ತಟ್ಟೆ | 11 ನವೆಂಬರ್, ಮಧ್ಯಾಹ್ನ 12:24

ಹೆಬ್ಬಾಳ ದಾಟೋದೇ ಅಂತರರಾಷ್ಟ್ರೀಯ ಪ್ರಯಾಣ.

ಚಾಮರಾಜಪುರಂ ಹುಡುಗ | 21 ಜನವರಿ 2025, ಬೆಳಿಗ್ಗೆ 11:35

ಫ್ರೀಮಾಂಟ್‌ನಿಂದ ಬರೀತಾ ಇದ್ದೇನೆ. ಕೊನೆಗೆ ನನಗೇ ಮೂರು ವಾರ ರಜೆ ಸಿಕ್ಕಿತು, ಅಮ್ಮನ ಜೊತೆ ನಾನೇ ಬಂದೆ. ಸಂಕ್ರಾಂತಿ ಮುಗಿಸಿಕೊಂಡು 18ಕ್ಕೆ ಹೊರಟೆವು, ಎಲ್ಲೂ ಇಳಿಯದ ವಿಮಾನ. ಹೌದು ಮೇಷ್ಟ್ರೇ, ಶನಿವಾರ. ಭಾನುವಾರದ ಟಿಕೆಟ್ ತಲೆಗೆ ಒಂಬತ್ತು ಸಾವಿರ ಜಾಸ್ತಿ ಇತ್ತು.

ನೆಲ ಬಿಟ್ಟಿದ್ದು ಎರಡೂ ಮುಕ್ಕಾಲಿಗೆ, ನೆಲ ಮುಟ್ಟಿದ್ದು ಹದಿನೈದು ಗಂಟೆ ನಲವತ್ತು ನಿಮಿಷ ಹಾರಿದ ಮೇಲೆ. ರಾಯರು ಹೇಳಿದ ಗಾಳಿ ಸಿಕ್ಕಿತು. ಜಪಾನ್ ಹತ್ತಿರ ಎದುರಿನ ಪರದೆಯಲ್ಲಿ ವೇಗ ಗಂಟೆಗೆ 1,120 ಕಿ.ಮೀ. ತೋರಿಸ್ತಾ ಇತ್ತು. ಅಮ್ಮ ಒಂದೂ ಸಿನಿಮಾ ನೋಡಲಿಲ್ಲ. ಇಡೀ ದಾರಿ ಆ ನಕ್ಷೆ ಒಂದನ್ನೇ ನೋಡಿದರು. "ದಾರ ಹೀಗೆ ಹೋಗಿರಲಿಲ್ಲ ಕಣೋ" ಅಂತ ಎರಡು ಸಲ ಹೇಳಿದರು. ಟಿಬೆಟ್ ಕಥೆ ಹೇಳಿದೆ, ಮಾಸ್ಕ್ ಕಥೆ ಬಿಟ್ಟೆ.

ಒಪ್ಪತ್ತಿನ ವಿಷಯಕ್ಕೆ ಬರ್ತೀನಿ. ಮಧ್ಯಾಹ್ನದ ಊಟ ವಿಮಾನದಲ್ಲೇ ಆಯಿತು. ಸಂಜೆ ಎರಡು ಕೋಡುಬಳೆ, ಕಾಫಿ. ರಾತ್ರಿ ಹತ್ತಕ್ಕೆ ಹತ್ತಿರ, ನಮ್ಮೂರ ಗಡಿಯಾರದಲ್ಲಿ, ಇನ್ನೊಂದು ಊಟ ಬಂತು. ಅನ್ನ, ದಾಲ್. ಅಮ್ಮ ತಟ್ಟೆ ನೋಡಿದರು, ನಕ್ಷೆ ನೋಡಿದರು. "ಈಗ ಎಲ್ಲಿದ್ದೀವಿ?" ಜಪಾನ್ ಅಂದೆ. "ಜಪಾನಲ್ಲಿ ಗಂಟೆ ಎಷ್ಟು?" ಒಂದೂ ಕಾಲು, ರಾತ್ರಿ ಅಂದೆ. "ಅಂದರೆ ಭಾನುವಾರ ಆಯ್ತು" ಅಂತ ಮುಚ್ಚಿದ ತಟ್ಟೆ ಬಿಚ್ಚಿ ಪೂರ್ತಿ ಊಟ ಮಾಡಿದರು. ಮೊಸರನ್ನೂ ಬಿಡಲಿಲ್ಲ.

ಇಳಿದು ಹೊರಗೆ ಬಂದರೆ ಅಕ್ಕನ ಮಗಳು ಕೈಯಲ್ಲಿ ಬರೆದ ಬೋರ್ಡ್ ಹಿಡಿದು ನಿಂತಿದ್ದಳು. "ವೆಲ್‌ಕಮ್ ಅಜ್ಜಿ", ಕೆಳಗೆ ತಾರೀಖು, ವಾರ. ಅಮ್ಮ ಅದನ್ನು ಓದಿ ನನ್ನ ಕಡೆ ತಿರುಗಿದರು. "ಮತ್ತೆ ಶನಿವಾರಾನಾ?"

ಮನೆಗೆ ಬಂದ ಮೇಲೆ ಅಕ್ಕ ಬಿಸಿಬೇಳೆಭಾತ್ ಬಡಿಸಿದಳು. ಅಮ್ಮ ಕೈ ಅಡ್ಡ ಹಿಡಿದು, ಅವಲಕ್ಕಿ ಇದ್ದರೆ ಕೊಡು ಅಂದರು.

ಗ್ಲೋಬ್ ಮೇಷ್ಟ್ರು | 21 ಜನವರಿ, ಮಧ್ಯಾಹ್ನ 12:10

ಬರುವಾಗ ಯಾವ ವಾರ ಹೊರಡ್ತಾರಂತೆ?

ಚಾಮರಾಜಪುರಂ ಹುಡುಗ | 21 ಜನವರಿ, ಮಧ್ಯಾಹ್ನ 12:18

ಶುಕ್ರವಾರ ರಾತ್ರಿದು ತೆಗೆಸು ಅಂತಿದ್ದಾರೆ. ಶನಿವಾರ ಆಕಾಶದಲ್ಲೇ ಕರಗಿಹೋಗಲಿ ಅಂತೆ.